ಮೆಂಗ್ ಅತ್ತೆ ಕೊಳ್ಳದ ಕಾರು

ಟೊಣ್. ಟೊಣ್. ಸ್ವಲ್ಪ ತಡೆದು ಇನ್ನೊಂದು ಟೊಣ್.

ಬೇಸಿಗೆಯ ಬೆಳಗುಗಳಲ್ಲಿ ನಮ್ಮ ಓಣಿಯನ್ನು ಎಬ್ಬಿಸುತ್ತಿದ್ದದ್ದು ಈ ಸದ್ದು. ಓಣಿಯ ಬಾಯಲ್ಲಿ, ಬಸವನಪಾದದ ಮರದ ಕೆಳಗೆ, ಕಲ್ಲಂಗಡಿ ಗಾಡಿ ಬಂದು ನಿಂತಿರುತ್ತಿತ್ತು. ಮೆಂಗ್ ಅತ್ತೆ ಬಗ್ಗಿ, ಹಣ್ಣಿಗೆ ಕಿವಿಯೊಡ್ಡಿ, ನಡುಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಹತ್ತಿ ಗಿರಣಿಯ ಹಳೆಯ ಕ್ವಾರ್ಟರ್ಸಿನ ಕಿಟಕಿಗಳ ಹಿಂದೆ ಜನ ಹಲ್ಲುಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಬಡಿತ ನಿಲ್ಲದಿದ್ದರೆ ಆ ದಿನದ ಹಣ್ಣು ಯಾರಿಗೂ ಬೇಡ. ಬಡಿತ ನಿಂತು ತಕ್ಕಡಿಯ ತಟ್ಟೆ ಗಣ್ಣೆಂದರೆ, ಅತ್ತೆ ತೆಗೆದುಕೊಂಡಳು ಎಂದರ್ಥ. ಮರುಗಳಿಗೆಯಲ್ಲೇ ಎಲ್ಲ ಮಹಡಿಗಳಿಂದಲೂ ಹಗ್ಗ ಕಟ್ಟಿದ ಬಿದಿರುಬುಟ್ಟಿಗಳು ಓಲಾಡುತ್ತ ಕೆಳಗಿಳಿಯುತ್ತಿದ್ದವು.

ಅವಳ ಪೂರ್ತಿ ಹೆಸರು ಮೆಂಗ್ ಶುಯ್‌ಲಿಯೆನ್. ಗಿರಣಿ ನಡೆಯುತ್ತಿದ್ದಾಗ ಅದರ ಊಟದ ಮನೆಗೆ ಸಾಮಾನು ಕೊಳ್ಳುವವಳೂ ಅವಳೇ, ಅದನ್ನು ವ್ಯಾನಿನಲ್ಲಿ ಹೊತ್ತು ತರುವವಳೂ ಅವಳೇ. ಅವಳು ಆರಿಸಿದ ಮೀನು ಕೆಟ್ಟಿದ್ದರೆ ಇಡೀ ಪಾಳಿಯೇ ಹೊಟ್ಟೆ ಹಿಡಿದುಕೊಂಡು ಮಲಗಬೇಕಾಗಿತ್ತು. ಗಿರಣಿ ಮುಚ್ಚಿತು, ಅಭ್ಯಾಸ ಮುಚ್ಚಲಿಲ್ಲ. ಕುಕ್ಕರ್ ಕೊಂಡರೆ ಸುಲಭಕ್ಕೆ ಬೇಯದ ದನದ ಗೊರಸಿನ ನರ ಬೇಯಿಸಿ ನೋಡುವಳು. ಕೊಡೆ ಕೊಂಡರೆ ಗಾಳಿಮಳೆಯಲ್ಲಿ ಸೇತುವೆಯ ಮೇಲೆ ಹೋಗಿ ನಿಲ್ಲುವಳು. ಒಮ್ಮೆ ಫ್ಯಾನಿನ ಅಂಗಡಿಯವನು, ನಾಲ್ಕು ಜನಕ್ಕೆ ಹೇಳಿ ಎಂದು ಒಂದು ಫ್ಯಾನನ್ನು ಪುಕ್ಕಟೆ ಕೊಟ್ಟು ಕಳಿಸಿದ. ಅತ್ತೆ ಅದನ್ನು ಅವತ್ತೇ ವಾಪಸ್ ಹೊತ್ತುಕೊಂಡು ಹೋಗಿ, "ನಿನ್ನ ಗಾಳಿ ತಗೊಂಡು ನನ್ನ ಬಾಯಿ ಬಾಡಿಗೆಗೆ ಕೊಡಲಾ?" ಎಂದು ಕೇಳಿ ಬಂದಳು. ಓಣಿಯಲ್ಲಿ ಅವಳಿಗಿದ್ದದ್ದು ಆ ಒಂದು ಮಾತಿನ ಬೆಲೆ. ಅದಕ್ಕೇ ಅವಳು ಬದುಕಿದಂತೆ ಇತ್ತು.

ನಾನು ಕಾಲೇಜಿನಿಂದ ರಜೆಗೆ ಬಂದಿದ್ದ ಆ ಬೇಸಿಗೆಯಲ್ಲಿ, ನದಿಯಾಚೆಯ ಕಾರ್ಖಾನೆ ಒಂದು ಪುಟ್ಟ ಕರೆಂಟು ಕಾರು ಮಾಡಿತ್ತು. ಇಬ್ಬರು ಕೂರುವಂಥದ್ದು, ಬೆಲ್ಲದಚ್ಚಿಗೆ ಗಾಲಿ ಹಾಕಿದ ಹಾಗೆ. ನಮ್ಮ ಲಿಯುಜೌ ಊರಿಗೆ ಊರೇ ನೋಡಿ ನಕ್ಕಿತು. ಆಟದ ಸಾಮಾನು ಎಂದರು, ಮುದುಕರ ಡಬ್ಬಿ ಎಂದರು, ಸದ್ದೇ ಇಲ್ಲದ್ದನ್ನು ಕಾರು ಅಂತ ಹೇಗೆ ನಂಬುವುದು ಎಂದರು. ನಗುವವರ ಬಾಯಿ ಮುಚ್ಚಿಸಲು ಕಾರ್ಖಾನೆಯವರು ಒಂದು ದಾರಿ ಹುಡುಕಿದರು. ಕೊಳ್ಳಬೇಡಿ, ಸುಮ್ಮನೆ ಒಯ್ಯಿರಿ, ಒಂದು ತಿಂಗಳು ಓಡಿಸಿ, ಆಮೇಲೆ ಹೇಳಿ ಎಂದರು. ಹಾಗೆ ಹೇಳಲು ನಮ್ಮ ಓಣಿಗೆ ಬಂದವಳು ನೋಂಗ್ ಯಾಚಿನ್ ಎಂಬ ಹುಡುಗಿ. ಬಸವನಪಾದದ ಮರದ ಪಕ್ಕ ಒಂದು ಡೇರೆ ಹಾಕಿ, ಬಿಳಿ ಕಾರೊಂದನ್ನು ನಿಲ್ಲಿಸಿಕೊಂಡು, ಬಂದವರಿಗೆಲ್ಲ ಕಾಗದದ ಬೀಸಣಿಗೆ ಹಂಚುತ್ತಿದ್ದಳು. ಜನ ಬೀಸಣಿಗೆ ತೆಗೆದುಕೊಂಡು, ಬೀಸಿಕೊಳ್ಳುತ್ತ, ಮುಂದೆ ಹೋಗುತ್ತಿದ್ದರು. ಮರದ ನೇರಳೆ ಹೂ ಕಾರಿನ ಮೇಲೆ ಉದುರಿ ಒಣಗುತ್ತಿತ್ತು.

ಓಣಿಯ ಮೂಲೆಯಲ್ಲಿ ಬಸವನಹುಳು ಸಾರಿನ ಶಾವಿಗೆ ಮಾರುವ ಫಾನ್‌ಗೆ ಅವಳನ್ನು ನೋಡಿ ಅಯ್ಯೋ ಅನ್ನಿಸಿತು.

"ಏನಮ್ಮ, ವ್ಯಾಪಾರ ಹೇಗಿದೆ?"

"ಬೀಸಣಿಗೆ ಖಾಲಿ ಆಯ್ತು ಅಣ್ಣ."

"ಹೀಗೆ ಕೂತಿದ್ರೆ ಮುಂದಿನ ಬೇಸಿಗೆಗೂ ಬೀಸಣಿಗೇನೇ ಹಂಚ್ತಿರ್ತೀಯ. ಅಲ್ಲಿ ಬರ್ತಿದಾಳೆ ನೋಡು, ನೀಲಿ ಚೀಲದವಳು. ಅವಳು ಬಡಿದು ನೋಡಿದ್ರೆ ಉಂಟು, ಇಲ್ದಿದ್ರೆ ಇಲ್ಲ."

ಮೆಂಗ್ ಅತ್ತೆ ತಾನಾಗಿಯೇ ಬಂದಳು. ಚೀಲ ಕೆಳಗಿಟ್ಟು, ಕಾರಿನ ಮೂತಿಗೆ ಕಿವಿಯೊಡ್ಡಿ, ಗೆಣ್ಣಿನಿಂದ ಬಡಿದಳು. ಟೊಣ್.

"ಇನ್ನೂ ಬಲಿತಿಲ್ಲ," ಎಂದಳು.

"ಅತ್ತೆ, ಅದು ಹಣ್ಣಲ್ಲ," ಎಂದಳು ಯಾಚಿನ್.

"ಗೊತ್ತಮ್ಮ. ಹಣ್ಣಾಗಿದ್ರೆ ಕೊಯ್ದು ಒಳಗೆ ನೋಡ್ತಿದ್ದೆ. ಇದರ ಒಳಗೇನಿದೆ?"

"ಬ್ಯಾಟರಿ. ಕೊಯ್ಯೋದು ಬೇಡ, ಓಡಿಸಿ ನೋಡಿ. ಒಂದು ತಿಂಗಳು ನಿಮ್ಮದೇ."

"ನನ್ನದಲ್ಲ, ನಿಮ್ಮದೇ. ನಾನು ಪರೀಕ್ಷೆ ಮಾಡೋದಷ್ಟೆ. ಆಮೇಲೆ ಹೊಗಳು ಅಂತ ಬಂದ್ರೆ ನೋಡು, ಬೀಸಣಿಗೇಲೇ ಒಂದು ಬಿಡ್ತೀನಿ."

"ಬೈದ್ರೂ ಪರವಾಗಿಲ್ಲ ಅತ್ತೆ. ಇಲ್ಲಿವರೆಗೆ ಯಾರೂ ಬೈಯೋವಷ್ಟು ಹತ್ತಿರಾನೂ ಬಂದಿಲ್ಲ."

ಅತ್ತೆಗೆ ಆ ಮಾತು ಹಿಡಿಸಿತು. ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, ಕಾರು ಹತ್ತಿ, ಸೇತುವೆಯ ಕಡೆಗೊಂದು ಸುತ್ತು ಹೊರಟಳು.

ಅವಳು ಸುತ್ತು ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ಗಂಡ ಲುವೊ ಮಾವ ಹಿಂದೆ ನದಿಯಲ್ಲಿ ಮರಳಿನ ದೋಣಿ ನಡೆಸುತ್ತಿದ್ದವನು. ಮಂಡಿ ಕೆಟ್ಟಮೇಲೆ ಹೆಂಡತಿಯ ಕರೆಂಟು ಸ್ಕೂಟರಿನ ಹಿಂದೆ ಕೂರಲಾಗದೆ, ಮೆಟ್ಟಿಲ ಬುಡದ ಬಿದಿರು ಕುರ್ಚಿಯೇ ಅವನ ದೋಣಿಯಾಗಿತ್ತು. ಹೆಂಡತಿ ಕಾರಿನಲ್ಲಿ ಬರುತ್ತಿದ್ದಾಳೆ ಎಂದು ಫಾನ್ ಕೂಗಿ ಹೇಳಿದ್ದೇ ತಡ, ಅವನಿಗೆ ಹುರುಪು ಬಂತು. ಪಟಾಕಿ ಹೊಡೆಯಕೂಡದೆಂದು ಅಂಗಳದಲ್ಲಿ ಬೋರ್ಡು ಹಾಕಿದ ಮೇಲೆ ನಮ್ಮಲ್ಲಿ ಹೊಸ ಗಾಡಿಯ ಗಾಲಿಯಡಿ ಕೆಂಪು ಬಲೂನು ಒಡೆಸುತ್ತಾರೆ. ಅಣ್ಣನ ಮಗನ ಮದುವೆಯಲ್ಲಿ ಉಳಿದಿದ್ದ ಬಲೂನುಗಳನ್ನು ಅವನು ಊದಿ ಊದಿ, ಅಂಗಳದ ಬಾಗಿಲಿಗೆ ಅಡ್ಡಲಾಗಿ ಸಾಲಾಗಿ ಇಟ್ಟ. ಕಾರು ಗೇಟಿನ ಮುಂದೆ ನಿಧಾನಿಸಿದ್ದೇ ತಡ, ಕುಂಟುತ್ತ ಬಂದು ಎರಡೂ ಕನ್ನಡಿಗೆ ಕೆಂಪು ಬಟ್ಟೆ ಬಿಗಿದ.

"ಏ ಮುದುಕಾ, ಏನಿದು?"

"ಗಾಲಿ ಇರೋದು ಮೊದಲ ಸಲ ಮನೆಗೆ ಬಂದ್ರೆ ಹಾಗೇ ಒಳಗೆ ಬಿಡ್ತಾರಾ? ನೀನು ಬಾ, ಬಾ!"

ಹಿಂದಿನಿಂದ ಗ್ಯಾಸಿನ ಗಾಡಿಯವನು ಹಾರನ್ ಒತ್ತಿದ. ಅತ್ತೆ ಮುಂದೆ ಬಂದಳು. ಪಟ್, ಪಟ್, ಪಟಪಟಪಟ್! ಎಲ್ಲ ಕಿಟಕಿಗಳೂ ತೆರೆದುಕೊಂಡವು. ಕೆಳಗೆ ಬಿಳಿ ಕಾರು, ಕೆಂಪು ಬಟ್ಟೆ, ಒಡೆದ ಬಲೂನಿನ ಚೂರು. ಇನ್ನೇನು ಬೇಕು? ಮೆಂಗ್ ಅತ್ತೆ ಕಾರು ಕೊಂಡಳು.

"ತಗೊಂಡಿಲ್ಲ!" ಅತ್ತೆ ಕಾರಿನಿಂದಿಳಿದು ಮೇಲೆ ನೋಡಿ ಕೂಗಿದಳು. "ಪರೀಕ್ಷೆಗೆ ತಂದಿದೀನಿ, ಅಷ್ಟೆ!"

ಕಿಟಕಿಗಳಿಂದ ದೊಡ್ಡ ನಗು ಬಂತು. ಹೊಸ ಗಾಡಿ ಕೊಂಡವರು ನಮ್ಮಲ್ಲಿ ಓಣಿಗೆಲ್ಲ ಊಟ ಹಾಕಿಸಬೇಕು. ಹಾಗಾಗಿ ಕೊಂಡವರು ಯಾರೂ ಕೊಂಡೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಭಾವನದು, ಬಾಡಿಗೆಗೆ ತಂದದ್ದು, ಇನ್ನೂ ಗಟ್ಟಿಯಾಗಿಲ್ಲ, ಹೀಗೆ ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಎಳೆಯುತ್ತಾರೆ.

"ಊಟ ತಪ್ಪಿಸ್ಕೊಳ್ಳೋಕೆ ಎಂಥಾ ಉಪಾಯ ನೋಡ್ರೋ!" ಎಂದು ಫಾನ್ ಸೌಟು ಎತ್ತಿ ಕೂಗಿದ. "ಅತ್ತೆ, ನಾವು ಕಾಯ್ತೀವಿ. ಆದ್ರೆ ಬಾಡೂಟಾನೇ ಆಗ್ಬೇಕು!"

ಮರುದಿನ ಹೊಸ ಕಾರಿಗೆ ಉಡುಗೊರೆಯೆಂದು ಮೊಟ್ಟೆ ಬಂತು, ಸೇಬು ಬಂತು, ಕನ್ನಡಿಗೆ ತೂಗುಹಾಕುವ ಗಂಟುದಾರ ಬಂತು. ಅದರ ಮರುದಿನದಿಂದ ಯಾಚಿನ್‌ಳ ಡೇರೆಯ ಮುಂದೆ ಜನ. ಶಾವಿಗೆಯ ಫಾನ್ ಹಸಿರು ಕಾರು ಬೇಕೆಂದು ಹೆಸರು ಬರೆಸಿ ಬಂದ. ನಮ್ಮ ಮೇಲಿನ ಮನೆಯ ದರ್ಜಿಯವರು ಗುಲಾಬಿ ಕೇಳಿದರು. ಅಮ್ಮ ಕೂಡ ಅಪ್ಪನ ಮುಂದೆ ಎರಡು ಸಲ ಕಾರಿನ ಮಾತು ತೆಗೆದಳು. ಓಡಿಸಿ ನೋಡಿ ಎಂದು ಯಾಚಿನ್ ಬೇಡಿಕೊಂಡರೆ, "ಅತ್ತೆ ನೋಡಿದಾಳಲ್ಲ!" ಎನ್ನುತ್ತಿದ್ದರು.

ಅತ್ತೆಗೆ ನಿದ್ದೆ ಹಾರಿತು.

"ನಾನು ಬಡಿದು ನೋಡೋ ಮೊದ್ಲೇ ಬುಟ್ಟಿ ಇಳಿಸ್ಬಿಟ್ಯಲ್ಲೋ!" ಎಂದು ಗಂಡನನ್ನು ಬೈದಳು.

"ನಾನೇನ್ ಮಾಡ್ದೆ? ಬಲೂನ್ ಒಡೆದೆ."

"ಬಲೂನಲ್ಲ ಒಡೆದಿದ್ದು, ನನ್ನ ಮಾತು! ಕಾರು ಕೆಟ್ಟದ್ದಾಗಿದ್ರೆ ಈ ಓಣೀಗೆ ಯಾವ ಮುಖ ತೋರಿಸ್ಲಿ?"

ಜನ ಹೆಸರು ಬರೆಸಿದ ಕಾರುಗಳು ತಿಂಗಳ ಕೊನೆಗೆ ಬರುವುದಿತ್ತು. ಅಷ್ಟರೊಳಗೆ ಪರೀಕ್ಷೆ ಮುಗಿಯಬೇಕು. ಕೆಟ್ಟದ್ದಾದರೆ ಎಲ್ಲರನ್ನೂ ತಡೆಯಬೇಕು. ಅತ್ತೆ ಟೊಂಕ ಕಟ್ಟಿ ನಿಂತಳು. ಹುಳಿ ಹಾಕಿದ ಕಳಲೆಯ ಜಾಡಿಯನ್ನು ಒಂದು ಇಡೀ ದಿನ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು, ಆಮೇಲೆ ಕಿಟಕಿ ತೆರೆದಿಟ್ಟು, ವಾಸನೆ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಮೂಸಿ ನೋಡಿದಳು. ಅಕ್ಕಿಮೂಟೆ ಹೇರಿ ಗುಡ್ಡದ ರಸ್ತೆ ಹತ್ತಿಸಿದಳು. ಗಂಡನನ್ನು ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಮಂಡಿ ಎಲ್ಲಿ ತಾಗುತ್ತದೆ ಎಂದು ಕೇಳಿದಳು. "ನನ್ನನ್ನೂ ಬಡಿದು ನೋಡ್ಬಿಡು," ಎಂದ ಅವನು.

ತಪ್ಪೂ ಮಾಡಿದಳು. ಹಳೆಯ ಸ್ಕೂಟರಿನ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ತುಂಬಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ, ಕಾರನ್ನೂ ಹಾಗೇ ಓಡಿಸಿದಳು. ಅದು ದೊಡ್ಡ ಸೇತುವೆಯ ನಟ್ಟನಡುವೆ, ಸಂಜೆಯ ಬಸ್ಸುಗಳ ಮುಂದೆ, ತಣ್ಣಗೆ ನಿಂತಿತು. ಯಾಚಿನ್ ಹಗ್ಗ ತರುವವರೆಗೂ ಲುವೊ ಮಾವ ಒಳಗೆ ಕೂತು, ಅದೇ ಕಾರ್ಖಾನೆಯ ಬೀಸಣಿಗೆಯಿಂದ ಗಾಳಿ ಬೀಸಿಕೊಂಡು, ಬೈಯುವ ಬಸ್ ಡ್ರೈವರುಗಳಿಗೆಲ್ಲ ಕೈಬೀಸುತ್ತಿದ್ದ.

"ಇದು ಕಾರಿನ ತಪ್ಪಲ್ಲ, ನನ್ನದು," ಎಂದು ಅತ್ತೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು. "ಆದ್ರೂ ಎಲ್ರೂ ಕೇಳಿಸ್ಕೊಳ್ಳಿ, ನಾನು ಇದನ್ನ ಇನ್ನೂ ತಗೊಂಡಿಲ್ಲ."

"ಹೌದೌದು!" ಎಂದವು ಕಿಟಕಿಗಳು. "ಊಟ ಯಾವತ್ತು?"

ಒಂದು ಸಂಜೆಯ ಮಾತನ್ನು ಲುವೊ ಮಾವ ಆಮೇಲೆ ನಮ್ಮಮ್ಮನ ಹತ್ತಿರ ಹೇಳಿಕೊಂಡಿದ್ದ. ಅತ್ತೆ ಅವನನ್ನು ನದಿಯ ದಂಡೆಯ ರಸ್ತೆಗೆ ಕರೆದೊಯ್ದಳಂತೆ. ಮಂಡಿ ಕೆಟ್ಟಮೇಲೆ ಅವನು ಆ ಕಡೆಗೆ ಹೋಗಿರಲೇ ಇಲ್ಲ. ಕಿಟಕಿಯ ಗಾಜು ಇಳಿಸಿ ನಿಧಾನ ಹೋಗುತ್ತಿದ್ದಾಗ ಮೊದಲು ಕಪ್ಪೆ ಕೇಳಿಸಿತಂತೆ, ಆಮೇಲೆ ನೀರು. ದೋಣಿ ನಡೆಸುತ್ತಿದ್ದ ಅಷ್ಟೂ ವರ್ಷ ಅವನ ಕಿವಿಯ ಪಕ್ಕದಲ್ಲೇ ಡೀಸೆಲ್ ಇಂಜಿನ್ನು ಬಡಿದುಕೊಳ್ಳುತ್ತಿತ್ತು. "ಆ ನದಿಗೆ ಸದ್ದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ," ಎಂದ. ಅತ್ತೆ ಆ ರಸ್ತೆಯನ್ನು ಇನ್ನೊಂದು ಸಲ ಸುತ್ತಿಬಂದಳಂತೆ.

ಅಂದರೆ ಕಾರು ಗೆದ್ದಿತ್ತು. ಮನಸ್ಸಿನೊಳಗೆ ಅತ್ತೆ ಅದನ್ನು ಕೊಂಡೂ ಆಗಿತ್ತು. ಆಗ ಬಂದದ್ದು ಕರೆಂಟಿನ ವಿಷಯ.

ಅತ್ತೆಯ ಮನೆ ಎರಡನೆಯ ಮಹಡಿ. ಅಡುಗೆಮನೆಯ ಕಿಟಕಿಯಿಂದ ವೈರನ್ನು ಬುಟ್ಟಿಯಲ್ಲಿಟ್ಟು ಕೆಳಗಿಳಿಸಿ ಕಾರಿಗೆ ಸಿಕ್ಕಿಸುತ್ತಿದ್ದಳು. ಸ್ಕೂಟರಿಗೆ ಎಲ್ಲರೂ ಮಾಡುತ್ತಿದ್ದದ್ದೇ ಅದು. ಕಲ್ಲಂಗಡಿ ಮೇಲೆ ಬರುವ ದಾರಿಯಲ್ಲೇ ಕರೆಂಟು ಕೆಳಗೆ ಹೋಗುತ್ತಿತ್ತು. ಒಂದು ದಿನ ಸಂಜೆ ಅಡುಗೆಯ ಹೊತ್ತಿನಲ್ಲಿ ಅತ್ತೆ ಮೆಟ್ಟಿಲು ಹತ್ತುತ್ತಿದ್ದಾಗ ಸುಟ್ಟ ರಬ್ಬರಿನ ವಾಸನೆ ಬಂತು. ಗೋಡೆಯ ಮೇಲೆ ಹೋಗಿದ್ದ ಗಿರಣಿಯ ಕಾಲದ ವೈರಿಗೆ ಹಿಂಗೈ ತಾಗಿಸಿದಳು. ಬೇಯಿಸಿದ ಗೆಣಸಿನಷ್ಟು ಬಿಸಿ. ಓಡಿಹೋಗಿ ತನ್ನ ಪ್ಲಗ್ ಕಿತ್ತಳು. ಸ್ವಲ್ಪ ಹೊತ್ತಿಗೆ ವೈರು ತಣ್ಣಗಾಯಿತು.

ಒಂದು ಕಾರಿಗೇ ಹೀಗೆ. ಹಸಿರು, ಗುಲಾಬಿ, ಬಿಳಿ ಎಲ್ಲ ಬಂದು, ಕಿಟಕಿ ಕಿಟಕಿಗಳಿಂದಲೂ ವೈರು ಇಳಿದರೆ? ಅತ್ತೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ತನ್ನನ್ನು ನಂಬಿ ಇಡೀ ಪಾಳಿ ಊಟಕ್ಕೆ ಕೂತಿದೆ. ಮೀನು ಕೆಟ್ಟಿಲ್ಲ, ಬೇಯಿಸುವ ಪಾತ್ರೆ ಕೆಟ್ಟಿದೆ.

ಹೇಳಿದರೆ ಯಾರು ನಂಬುತ್ತಾರೆ? ಕಾರಿನ ಮೇಲೆ ಅವಳು ಏನು ದೂರಿದರೂ ಅದು ಊಟ ತಪ್ಪಿಸಿಕೊಳ್ಳುವ ನೆಪ. ಮರುದಿನ ಬೆಳಿಗ್ಗೆ ಕಲ್ಲಂಗಡಿ ಗಾಡಿ ಬಂದಾಗ ಬಡಿತವೇ ಕೇಳಿಸಲಿಲ್ಲ. ಅತ್ತೆ ಮರದ ಕೆಳಗೆ ಸುಮ್ಮನೆ ನಿಂತಿದ್ದಳು. ಆಮೇಲೆ ಮೇಲೆ ನೋಡಿ ಒಂದೇ ಮಾತು ಕೂಗಿದಳು.

"ಇವತ್ತು ಸಂಜೆ ಫಾನ್ ಅಂಗಡೀಲಿ ಎಲ್ರಿಗೂ ಊಟ. ನನ್ನದು."

ಓಣಿ ಚಪ್ಪಾಳೆ ತಟ್ಟಿತು.

ಆ ಸಂಜೆ ಫಾನ್‌ನ ಅಂಗಡಿಯ ಬೆಂಚುಗಳು ಸಾಲದೆ ಅಂಗಳದವರೆಗೂ ಮಣೆ ಹಾಕಿದರು. ಶಾವಿಗೆ, ಬಾತುಕೋಳಿಯ ಕಾಲು, ಹುರಿದ ಟೋಫು, ಕೆಂಪು ಎಣ್ಣೆ ತೇಲುವ ಸಾರು. ಯಾಚಿನ್‌ಳನ್ನೂ ಕರೆದು ಕೂರಿಸಿದ್ದರು. ಖಾರಕ್ಕೆ ಅವಳ ಮೂಗು ಸೋರುತ್ತಿತ್ತು. "ಅಂತೂ ಒಪ್ಕೊಂಡ್ಳು!" ಎಂದು ಎಲ್ಲರೂ ಲುವೊ ಮಾವನ ಬೆನ್ನು ತಟ್ಟುವವರೇ. ಅವನು ಮಾತ್ರ ತಲೆಯೆತ್ತದೆ ತಿನ್ನುತ್ತಿದ್ದ. ಕೊನೆಯ ಬಟ್ಟಲು ಖಾಲಿಯಾಗುವವರೆಗೆ ಕಾದು ಅತ್ತೆ ಎದ್ದು ನಿಂತಳು.

"ಹೊಟ್ಟೆ ತುಂಬ್ತಾ?"

"ತುಂಬ್ತು!"

"ಇನ್ನು ನಾನು ಊಟ ತಪ್ಪಿಸ್ಕೋತಿದೀನಿ ಅಂತ ಯಾರೂ ಅನ್ನೋ ಹಾಗಿಲ್ಲ ತಾನೆ?"

"ಇಲ್ಲ, ಇಲ್ಲ!"

"ಹಾಗಾದ್ರೆ ಈಗ ಕೇಳಿ. ನಾನು ಆ ಕಾರು ತಗೊಂಡಿಲ್ಲ."

ಯಾರೂ ನಗಲಿಲ್ಲ. ತಗೊಳ್ಳದ ಕಾರಿಗೆ ಊಟ ಹಾಕಿಸುವ ಹುಚ್ಚರನ್ನು ಲಿಯುಜೌನಲ್ಲಿ ಯಾರೂ ನೋಡಿರಲಿಲ್ಲ. ಅತ್ತೆ ಅಂಗಳಕ್ಕೆ ಹೋಗಿ ಕನ್ನಡಿಗಳ ಕೆಂಪು ಬಟ್ಟೆ ಬಿಚ್ಚಿ, ಮಡಿಚಿ, ಗಂಡನ ತೊಡೆಯ ಮೇಲಿಟ್ಟಳು.

"ಕಾರು ಒಳ್ಳೇದು. ಗುಡ್ಡ ಹತ್ತುತ್ತೆ, ಮಳೇಲಿ ಸೋರಲ್ಲ, ಇವನ ಮಂಡಿ ಹಿಡಿಸುತ್ತೆ. ಕಳಲೆ ವಾಸನೆ ಮಾತ್ರ ಒಂದಿನ ಇರುತ್ತೆ, ಅದು ನಮ್ಮನೇಲೂ ಇರುತ್ತೆ. ಆದ್ರೆ ನಮ್ಮ ಗೋಡೆ ಮೇಲಿನ ವೈರು ಇದನ್ನ ತಡಿಯಲ್ಲ. ಫಾನ್, ಬಾ ಇಲ್ಲಿ."

ಊಟಕ್ಕೆ ಬರುವ ಮೊದಲೇ ಅವಳು ಕಾರಿನ ಪ್ಲಗ್ ಹಾಕಿ ಬಂದಿದ್ದಳು. ಮೇಲಿನ ಮನೆಗಳಿಂದ ಇಳಿದ ವೈರುಗಳಿಗೆ ಸ್ಕೂಟರುಗಳೂ ಸಿಕ್ಕಿಕೊಂಡಿದ್ದವು. ಫಾನ್ ಮೆಟ್ಟಿಲ ಗೋಡೆಯ ವೈರಿಗೆ ಕೈಯಿಟ್ಟ.

"ಅಯ್ಯಯ್ಯಪ್ಪ! ಇದ್ರ ಮೇಲೆ ಶಾವಿಗೆ ಬೇಯಿಸ್ಬಹುದು!"

ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಮುಟ್ಟಿ ಬಂದರು. ದರ್ಜಿಯವರು ತಮ್ಮ ಬೆರಳಿಗೆ ಉಫ್ ಎಂದು ಊದುತ್ತ ಕೂತರು. ಅತ್ತೆ ಪ್ಲಗ್ ಕಿತ್ತು ಬಂದಳು. ಯಾಚಿನ್‌ಳ ಮುಖ ಬಾಡಿತ್ತು.

"ಅತ್ತೆ, ನನ್ನ ಕತೆ ಮುಗೀತು. ನಾಳೆ ಎಲ್ರೂ ಬಂದು ಹೆಸರು ವಾಪಸ್ ತಗೋತಾರೆ."

"ಯಾಕೆ? ಕಾರು ಬೇಡ ಅಂದೋರು ಒಬ್ರಾದ್ರೂ ಇದಾರಾ, ಕೇಳಿ ನೋಡು." ಅತ್ತೆ ಜನರ ಕಡೆ ತಿರುಗಿದಳು. "ಹಳೇ ಸೈಕಲ್ ಶೆಡ್ಡು ಕುಂಬಳಬಳ್ಳಿ ಹಬ್ಬಿಸ್ಕೊಂಡು ಸುಮ್ನೆ ಬಿದ್ದಿದೆ. ಅಲ್ಲಿಗೆ ಬೇರೆ ಲೈನು ಎಳೆದು, ಸರಿಯಾದ ಸಾಕೆಟ್ ಹಾಕಿದ್ರೆ ಯಾರಿಗೆ ಕಾರು ಬೇಕು?"

"ನನಗೆ! ಹಸಿರು!" ಎಂದ ಫಾನ್.

"ಗುಲಾಬಿ!"

"ನಮಗೂ ಬೇಕು," ಎಂದಳು ನಮ್ಮಮ್ಮ. ಅಪ್ಪ ತಿರುಗಿ ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

ಕಾರಿನ ಹೆಸರು ಎತ್ತಿದರೆ ನಗುತ್ತಿದ್ದವರು ಕೂಡ ಸಾಕೆಟ್, ಸಾಕೆಟ್ ಎಂದು ಕೂಗತೊಡಗಿದರು. ಯಾಚಿನ್ ಫೋನು ತೆಗೆದು ಕಾರ್ಖಾನೆಯ ಮೇಲಿನವರಿಗೆ ಕರೆ ಮಾಡಿದಳು. "ಸಾರ್, ನಾನು ಏನೂ ಹೇಳಲ್ಲ, ನೀವೇ ಕೇಳಿಸ್ಕೊಳ್ಳಿ," ಎಂದು ಫೋನನ್ನು ಎತ್ತಿ ಹಿಡಿದಳು. ಆ ಕಡೆಯ ಮನುಷ್ಯ ಬಹಳ ಹೊತ್ತು ಕೇಳಿಸಿಕೊಂಡಿರಬೇಕು. ಅವಳ ಕೈ ಸೋತು, ಫಾನ್ ಒಂದಷ್ಟು ಹೊತ್ತು ಫೋನು ಹಿಡಿದುಕೊಂಡ.

ಕಲ್ಲಂಗಡಿಯ ಕಾಲ ಮುಗಿದು ಚಕೋತದ ಕಾಲ ಬಂತು, ನಾನು ಇನ್ನೊಂದು ರಜೆಗೆ ಮನೆಗೆ ಬಂದೆ. ಅಷ್ಟರಲ್ಲಿ ಕಾರ್ಖಾನೆಯವರು ಬಂದರು, ಕರೆಂಟಿನವರು ಬಂದರು, ಅಂಗಳ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಕುಂಬಳಬಳ್ಳಿಯನ್ನು ಕೀಳಬಾರದೆಂದು ಲುವೊ ಮಾವ ಹಟ ಹಿಡಿದ. ಬಳ್ಳಿಯನ್ನು ಚಾವಣಿಗೆ ಹತ್ತಿಸಿ, ಅದರ ಕೆಳಗೆ ಸಾಕೆಟ್ಟಿನ ಕಂಬಗಳನ್ನು ನಿಲ್ಲಿಸಿದರು. ಓಡಿಸಿ ನೋಡದೆ ಇನ್ನು ಯಾರೂ ಹೆಸರು ಬರೆಸುವ ಹಾಗಿಲ್ಲ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಸಂಜೆಯ ಹೊತ್ತು ಬಿಳಿ ಕಾರು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತ ಓಣಿಯನ್ನು ಸುತ್ತುತ್ತಿತ್ತು. ಅಪ್ಪ ನಾಲ್ಕು ಸಲ ಸುತ್ತಿದ.

ಕಂಬಗಳಿಗೆ ಕರೆಂಟು ಬಂದ ಬೆಳಿಗ್ಗೆ ಯಾಚಿನ್ ಅಲ್ಲಿಯವರೆಗೆ ತಡೆದಿಟ್ಟಿದ್ದ ಕಾರುಗಳನ್ನು ಕಾರ್ಖಾನೆಯಿಂದ ತರಿಸಿ, ಎಲ್ಲವನ್ನೂ ಒಟ್ಟಿಗೆ ಕಂಬಗಳಿಗೆ ಸಿಕ್ಕಿಸಿದಳು. ಹಾಗೆ ಮಾಡಿಸಿದ್ದು ಅತ್ತೆಯೇ. ಫಾನ್ ಅಂಗಡಿ ಬಿಟ್ಟು ಬಂದಿದ್ದ. ಎಲ್ಲ ಕಿಟಕಿಗಳಲ್ಲೂ ಮುಖ, ಎಲ್ಲ ಮುಖಗಳ ಮುಂದೂ ಬುಟ್ಟಿ. ಕಾರನ್ನು ಬುಟ್ಟಿಯಲ್ಲಿ ಏರಿಸಲಾಗದು ಎಂದು ಗೊತ್ತಿದ್ದರೂ ಅಭ್ಯಾಸಕ್ಕೆ ಬುಟ್ಟಿ ಕೈಗೆ ಬಂದಿತ್ತು. ಅತ್ತೆ ಕಂಬದಿಂದ ಕಂಬಕ್ಕೆ ಹೋಗಿ ವೈರಿಗೆ ಹಿಂಗೈ ತಾಗಿಸಿದಳು. ತಣ್ಣಗಿತ್ತು. ಒಂದು ಬಟ್ಟಲು ಟೀ ಕುಡಿದು ಬಂದು ಮತ್ತೆ ಮುಟ್ಟಿದಳು. ಆಗಲೂ ತಣ್ಣಗಿತ್ತು. ಕೊನೆಗೆ ಕಂಬಕ್ಕೆ ಕಿವಿಯೊಡ್ಡಿ, ಗೆಣ್ಣಿನಿಂದ ಬಡಿದಳು.

ಟೊಣ್.

ಎರಡನೆಯ ಬಡಿತಕ್ಕೆ ಓಣಿ ಕಾದು ನಿಂತಿತು. ಅದು ಬರಲಿಲ್ಲ.

"ಹೇಗಿದೆ ಅತ್ತೆ?" ಯಾಚಿನ್‌ಳ ದನಿ ಸಣ್ಣದಾಗಿತ್ತು. "ತಗೋತೀರಾ?"

"ಪರವಾಗಿಲ್ಲ ಕಣೇ. ಬಿಳೀದು ಬೇಡ, ಧೂಳು ಕಾಣುತ್ತೆ. ನಂಗೆ ಆ ಮೂಲೇಲಿರೋ..." ಎನ್ನುತ್ತಿದ್ದವಳು ತಲೆ ತಿರುಗಿಸಿದಳು. ಮೆಟ್ಟಿಲ ಬುಡದಲ್ಲಿ ಲುವೊ ಮಾವ, ತೊಡೆಯ ಮೇಲೆ ಮಡಿಚಿದ ಕೆಂಪು ಬಟ್ಟೆ ಇಟ್ಟುಕೊಂಡು, ಕೆನ್ನೆಯುಬ್ಬಿಸಿ ಬಲೂನು ಊದುತ್ತಿದ್ದ. "ಏ ಮುದುಕಾ, ಇಳಿಸು ಅದನ್ನ! ನಾನು ಬಾಯಿಬಿಟ್ಟು ತಗೊಂಡೆ ಅನ್ನೋವರೆಗೂ ಒಂದು ಬಲೂನೂ ಈ ಅಂಗಳದಲ್ಲಿ..." ಎನ್ನುತ್ತ, ಚಪ್ಪಲಿ ಎಳೆದುಕೊಂಡು, ಅವಳು ಆ ಕಡೆ ನಡೆದೇಬಿಟ್ಟಳು.